ಓನರ್ ಆಂಟಿಯ ಬಲಗೈ

ಮಾತಾಡುವಾಗ ಓನರ್ ಆಂಟಿ ತಮ್ಮ ಬಲಗೈಯ ಚರ್ಮ ಸುಲಿಯುತ್ತಿದ್ದರು. ಮೊದಲ ಸಲ ನೋಡಿದವರಿಗೆ ಹಾಗೇ ಅನ್ನಿಸುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಒಣಗಿ ಹಿಡಿದುಕೊಂಡಿದ್ದ ಅಕ್ರಿಲಿಕ್ ಬಣ್ಣವನ್ನು ಎಡಗೈ ಉಗುರಿನಿಂದ ಎಬ್ಬಿಸಿ, ಹರಿಯದ ಹಾಗೆ ನಿಧಾನಕ್ಕೆ ಎಳೆಯುತ್ತಿದ್ದರು. ಅದರ ಜೊತೆ ಕೈಮೇಲಿನ ಕೂದಲೂ ಕಿತ್ತು ಬರುತ್ತಿತ್ತು. "ಪಾರ್ಲರ್‌ಗೆ ಹೋಗೋದು ತಪ್ಪಿತು" ಅಂತ ನಗುತ್ತಿದ್ದರು.

ಜೆ.ಪಿ. ನಗರದಲ್ಲಿ, ಜರಗನಹಳ್ಳಿ ಕಡೆಗಿರುವ ಆ ಮನೆಗೆ, ಕಾಲೇಜಿಗೆ ಹತ್ತಿರ ಅಂತ, ನಾನು ಬಾಡಿಗೆ ಕೇಳಿಕೊಂಡು ಹೋದ ದಿನ ಆ ಸಿಪ್ಪೆ ನೀಲಿಯಾಗಿತ್ತು ಅಂತ ನನ್ನ ನೆನಪು. ಡೈರಿಯಲ್ಲಿ ಹಸಿರು ಅಂತ ಬರೆದಿದ್ದೇನೆ. ಬರೆದದ್ದನ್ನೇ ನಂಬಬೇಕು. ಆದರೆ ಕಣ್ಣು ಮುಚ್ಚಿದರೆ ನೀಲಿಯೇ ಕಾಣುತ್ತದೆ. ನನ್ನ ನೆನಪು ಇಂಥದ್ದು ಅಂತ ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಬರೆಯಬೇಕಾದದ್ದು ಬಣ್ಣದಷ್ಟು ಹಗುರವಾದ ವಿಷಯವಲ್ಲ.

ಆಂಟಿ ಹಾಕಿದ ಷರತ್ತು ಮಾತ್ರ ಚೆನ್ನಾಗಿ ನೆನಪಿದೆ. "ಮೊಟ್ಟೆ, ಮೀನು ಏನ್ ಬೇಕಾದ್ರೂ ಮಾಡ್ಕೋ. ಫ್ರೆಂಡ್ಸ್ ಬರ್ಲಿ, ಹೋಗ್ಲಿ. ಟೆರೇಸ್ ಮೇಲಿನ ಸಿಂಕ್ ಮಾತ್ರ ಮುಟ್ಟಬೇಡ. ಅದು ನಂದು."

ಪೇಪರ್ ಹಿಂದಿನಿಂದ ಅಂಕಲ್, "ಈ ಮನೇಲಿ ಅವಳದ್ದು ಅಂತ ಇರೋದು ಅದೊಂದೇ ಅಲ್ಲಮ್ಮ. ನನ್ನ ಶೇವಿಂಗ್ ಬ್ರಷ್ಷೂ ಈಗ ಅಲ್ಲೇ ಇದೆ" ಅಂದರು.

ನೆಲಮಹಡಿಯಲ್ಲಿ ಅವರಿಬ್ಬರು, ಮೊದಲ ಮಹಡಿಯಲ್ಲಿ ನಾನು, ಅದರ ಮೇಲೆ ಟೆರೇಸಿನಲ್ಲಿ ಶೀಟ್ ಹೊದಿಸಿದ ಒಂದು ರೂಮು. ವಾಷಿಂಗ್ ಮಷೀನಿಗೆಂದು ಕಟ್ಟಿಸಿದ್ದಂತೆ. ಅದರೊಳಗೆ ಹಳೆಯ ಡೈನಿಂಗ್ ಟೇಬಲ್ ಹಾಕಿ, ಕ್ಯಾನ್ವಾಸನ್ನು ಅದರ ಮೇಲೆ ಮಲಗಿಸಿ ಆಂಟಿ ಕೆಲಸ ಮಾಡುತ್ತಿದ್ದರು. ಗೋಡೆಗೆ ಬಳಿಯುವ ಪುಟ್ಟಿ, ಬಿಳಿ ಗೋಂದು, ಜರಡಿ ಹಿಡಿದ ಮರಳು ಕಲಸಿ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾದ ಪೇಸ್ಟ್ ಮಾಡಿಕೊಳ್ಳುವರು. ಅದನ್ನು ಗಾರೆಯವರ ಕರಣೆಯಲ್ಲಿ ಕ್ಯಾನ್ವಾಸಿಗೆ ಹಚ್ಚಿ, ಹಸಿಯಿರುವಾಗಲೇ ಚಾಕುವಿನಂಥ ಒಂದು ತೆಳು ಅಲಗಿನಿಂದ ಗೀರಿ, ಒಣಗಿದ ಮೇಲೆ ಬಣ್ಣ ಕೊಡುವುದು. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ಪೇಸ್ಟು ನೋಡನೋಡುತ್ತ ಕೆನೆಗಟ್ಟುತ್ತಿತ್ತು. ಅದಕ್ಕೆ ಆಗಾಗ ಬಾಟಲಿಯಿಂದ ನೀರು ಸ್ಪ್ರೇ ಮಾಡುತ್ತಿರಬೇಕು.

ಅವರು ಹನುಮಂತನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದವರು. ಮಕ್ಕಳು ಇಟ್ಟ ಹೆಸರು ಸ್ಕೇಲ್ ಮಿಸ್. ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೀ ಕೈಯಲ್ಲಿ ಗೆರೆ ಎಳೆದರೆ ಅದು ಒಂದಿಷ್ಟೂ ಅಲುಗುತ್ತಿರಲಿಲ್ಲವಂತೆ. ನಾನು ಬಂದ ಕಾಲಕ್ಕೆ ಅವರ ಪೇಂಟಿಂಗ್‌ಗಳೂ ಹಾಗೇ ಇದ್ದವು. ಅಡ್ಡಡ್ಡ ಪಟ್ಟಿಗಳು, ಒಂದರ ಕೆಳಗೊಂದು, ಅಂಚು ಕತ್ತರಿಸಿಟ್ಟ ಹಾಗೆ. ಚೆನ್ನಾಗಿವೆ ಅನ್ನುತ್ತಿದ್ದೆ. ಹೊಗಳುವುದಕ್ಕೆ ಬೇರೆ ಮಾತು ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ. ವರ್ಷಕ್ಕೊಮ್ಮೆ ಹಳೆಯ ಪರಿಚಯದ ಕಲಾವಿದರು ಜಯನಗರದ ಒಂದು ಸಣ್ಣ ಹಾಲಿನಲ್ಲಿ ಪ್ರದರ್ಶನ ಮಾಡುತ್ತಿದ್ದರು. ಆಂಟಿಯ ಪೇಂಟಿಂಗ್‌ಗಳ ಮುಂದೆ ಜನ ನಡಿಗೆ ನಿಧಾನ ಮಾಡುತ್ತಲೂ ಇರಲಿಲ್ಲ.

ಆಮೇಲೆ ಕೈ ನಡುಗಲು ಶುರುವಾಯಿತು. ಕಾಫಿ ಕೊಡಲು ಬಂದಾಗ ಲೋಟ ಬಟ್ಟಲು ಟಕಟಕ ಅನ್ನುತ್ತಿದ್ದವು. "ವಯಸ್ಸು ಕಣೇ" ಅಂದರು. ಸಣ್ಣ ವಯಸ್ಸೇನಲ್ಲ, ಹಾಗಂತ ದೊಡ್ಡದೂ ಅಲ್ಲ. ಆ ನಡುಕಕ್ಕೊಂದು ವಿಚಿತ್ರ ರೀತಿಯಿತ್ತು. ಕೈ ಓಡುತ್ತಿರುವಾಗ ಅದು ಕಾಣುತ್ತಿರಲಿಲ್ಲ. ಕೈಯನ್ನು ಒಂದು ಕಡೆ ಸುಮ್ಮನೆ ಇಟ್ಟರೆ, ಎರಡು ಉಸಿರಿನಷ್ಟು ಹೊತ್ತು ಬಿಟ್ಟು ಬರುತ್ತಿತ್ತು.

ಒಂದು ದಿನ ನಾನು ಒಣಹಾಕಿದ ಬಟ್ಟೆ ತರಲು ಹೋದಾಗ ಆಂಟಿ ಅಲಗನ್ನು ಹಸಿ ಪೇಸ್ಟಿನ ಮೇಲಿಟ್ಟು ಹಾಗೇ ನಿಂತಿದ್ದರು. ಕೈ ನಡುಗತೊಡಗಿತು. ಅಲಗಿನ ಕೆಳಗೆ ಪೇಸ್ಟು ಸಣ್ಣ ಸಣ್ಣ ಮಡಿಕೆಯಾಗಿ ಏಳತೊಡಗಿತು, ಕೆರೆಯ ನೀರಿನ ಮೇಲೆ ಗಾಳಿ ಬಂದಂತೆ. ಅವರು ಕೈ ಎತ್ತಿ ಇನ್ನೊಂದು ಕಡೆ ಇಟ್ಟು ಮತ್ತೆ ಕಾದರು. ನನ್ನನ್ನು ನೋಡಿ, "ನಾನೇನೂ ಮಾಡ್ತಿಲ್ಲ ಕಣೇ. ಅದೇ ಮಾಡ್ಕೋತಾ ಇದೆ" ಅಂದರು. ದನಿಯಲ್ಲಿ ಹೆದರಿಕೆ ಇತ್ತೋ ಸಂತೋಷ ಇತ್ತೋ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ.

ಆ ವರ್ಷದ ಪ್ರದರ್ಶನಕ್ಕೆ ಅದನ್ನೇ ಕೊಟ್ಟರು. ಬೂದಿ ಬಣ್ಣ, ತುಕ್ಕಿನ ಬಣ್ಣ, ಮೈತುಂಬ ಆ ನಡುಕದ ಮಡಿಕೆ. ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು, ಮಳೆಗೆಂದು ಒಳಗೆ ಬಂದವರಿರಬೇಕು, ಅದರ ಮುಂದೆ ನಿಂತರು. ಎಷ್ಟು ಹೊತ್ತಾದರೂ ಕದಲಲಿಲ್ಲ.

"ಮುಟ್ಟಬಹುದಾ?"

"ಮುಟ್ಟಿ, ಮುಟ್ಟಿ. ಅದಕ್ಕೇ ಮಾಡಿರೋದು" ಅಂದರು ಆಂಟಿ.

ಆಕೆ ಬೆರಳಾಡಿಸಿ, ಕೈ ಹಿಂದಕ್ಕೆ ಎಳೆದುಕೊಂಡು, "ಯಾಕೋ ಹೆದರಿಕೆ ಆಗುತ್ತೆ ಇವರೇ" ಅಂದರು. ಹೋಗಲಿಲ್ಲ. ಮತ್ತೆ ಮುಟ್ಟಿದರು.

ವಾಪಸ್ ಬರುವಾಗ ಆಟೋದಲ್ಲಿ ಆಂಟಿ ನನ್ನ ತೊಡೆ ತಟ್ಟಿ ತಟ್ಟಿ ನಕ್ಕರು. "ಹೆದರಿಕೆ ಆಯ್ತಂತೆ ಕಣೇ! ನನ್ನ ಪೇಂಟಿಂಗ್ ನೋಡಿ ಒಬ್ರಿಗೆ ಹೆದರಿಕೆ ಆಯ್ತು!" ಅಷ್ಟು ಖುಷಿಯಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅಂಕಲ್ ಆಂಟಿಯನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಪಾರ್ಕಿನ್ಸನ್ಸ್ ಅಂತ ಗೊತ್ತಾಯಿತು. ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆ ತಪ್ಪಿಸಬಾರದು ಅಂದರಂತೆ. ಮಕ್ಕಳಿಲ್ಲದ ಮನೆ. ಅಂಕಲ್ ಮಾತ್ರೆಯ ಜವಾಬ್ದಾರಿ ಹೊತ್ತರು. ಅವರ ಫೋನಿನ ಅಲಾರಾಂ ನನ್ನ ಮನೆಗೂ ಕೇಳಿಸುತ್ತಿತ್ತು. ಕೈ ತಹಬಂದಿಗೆ ಬಂತು. ಲೋಟ ಬಟ್ಟಲು ಸುಮ್ಮನಾದವು. ಆಂಟಿ ಅಲಗನ್ನು ಪೇಸ್ಟಿನ ಮೇಲಿಟ್ಟು ಕಾದರು. ಏನೂ ಬರಲಿಲ್ಲ.

"ಮಾತ್ರೆ ತಗೊಂಡ್ರೆ ನಾನು ಮತ್ತೆ ಡ್ರಾಯಿಂಗ್ ಮಿಸ್ಸೇ" ಅಂದರು ಒಂದು ದಿನ, ಅಷ್ಟೂ ಪೇಸ್ಟನ್ನು ಕರಣೆಯಲ್ಲಿ ಕೆರೆದು ಬಕೆಟ್ಟಿಗೆ ಹಾಕುತ್ತ.

ಮುಂದಿನದು ನನಗೆ ತಡವಾಗಿ ಗೊತ್ತಾಯಿತು. ಒಂದು ಬೆಳಿಗ್ಗೆ ಟೆರೇಸಿಗೆ ಹೋದರೆ ಆಂಟಿ ರೂಮಿನ ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕಾಲು ಒಳಗೆ, ಇನ್ನೊಂದು ಹೊರಗೆ. ಮುಖ ಬಿಗಿದುಕೊಂಡಿತ್ತು. ಹೆಜ್ಜೆ ಎತ್ತಬೇಕು ಅಂದುಕೊಳ್ಳುತ್ತಿದ್ದಾರೆ, ಪಾದ ನೆಲಕ್ಕೆ ಅಂಟಿದ ಹಾಗೆ ಬರುತ್ತಿಲ್ಲ.

"ಆಂಟಿ, ಏನಾಯ್ತು? ಹಿಡ್ಕೊಳ್ಳಿ ನನ್ನ."

"ನನ್ನ ಬಿಡು. ಒಳಗೆ ಹೋಗಿ ಅದಕ್ಕೆ ನೀರು ಹೊಡಿ. ಒಣಗ್ತಾ ಇದೆ."

"ಬಿದ್ದುಬಿಡ್ತೀರಾ!"

"ನೀರು ಹೊಡಿ ಅಂದೆ!"

ನಾನು ಅವರ ಪಕ್ಕದಿಂದ ನುಸುಳಿ ಒಳಗೆ ಹೋಗಿ ಮೊದಲು ಕ್ಯಾನ್ವಾಸಿಗೇ ನೀರು ಹೊಡೆದೆ. ಯಾಕೆ ಅಂತ ಕೇಳಿಕೊಂಡಿದ್ದೇನೆ. ಒಬ್ಬ ಟೀಚರ್ ಗದರಿದರೆ ಕೈ ತಾನಾಗಿ ಹೇಳಿದ್ದನ್ನು ಮಾಡುತ್ತದೆ, ಅಷ್ಟೇ ಇರಬಹುದು. ಆಮೇಲೆ ಅವರನ್ನು ಹಿಡಿದು ಕೂರಿಸಿದೆ. ಆಗ ಬಾಯಿಬಿಟ್ಟರು, ಪೇಂಟ್ ಮಾಡುವ ದಿನ ಅವರು ಬೆಳಗಿನ ಮಾತ್ರೆ ನುಂಗುತ್ತಿರಲಿಲ್ಲವಂತೆ. ನಡುಕ ಬೇಕೆಂದರೆ ಈ ಬಿಗಿತವೂ ಅದರ ಜೊತೆ ಬರುತ್ತಿತ್ತು.

ಆ ದಿನವೇ ಅಂಕಲ್‌ಗೆ ಹೇಳಿದೆ. ಅವರು ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಮಂಡಿ ನೋವಿನವರು, ಎರಡು ಮಹಡಿ. ಅವರ ಹಿಂದೆ ಹೋಗಬೇಕೋ ಬೇಡವೋ ಅಂತ ನಾನು ನನ್ನ ಬಾಗಿಲಲ್ಲೇ ನಿಂತೆ. ಎಲ್ಲವೂ ಕೇಳಿಸಿತು.

"ಬಿದ್ರೆ ನಿನ್ನ ಎತ್ಕೊಂಡು ಬಾತ್‌ರೂಮಿಗೆ ಹೋಗಬೇಕಾಗಿರೋನು ನಾನು ಕಣೇ. ನಿನ್ನ ಪೇಂಟಿಂಗ್ ಬರಲ್ಲ."

"ಇಷ್ಟು ವರ್ಷ ನೆಟ್ಟಗೆ ಗೆರೆ ಎಳೆದೆ ರೀ. ಯಾರು ನೋಡಿದ್ರು? ನೀವು ನೋಡಿದ್ರಾ?"

"ನಂಗೆ ಅದೆಲ್ಲ ಅರ್ಥ ಆಗಲ್ಲ."

"ಅರ್ಥ ಆಗೋದು ಬೇಡ. ನೋಡಿದ್ರಾ, ಅಂತ ಕೇಳ್ದೆ."

ಅಂಕಲ್ ಹೆಜ್ಜೆಯ ಸದ್ದು ಟೇಬಲ್ಲಿನ ಕಡೆಗೆ ಹೋಯಿತು. ಆಗಲೇ ಅವರು ಪೇಂಟಿಂಗನ್ನು ಮೊದಲ ಸಲ ನೋಡಿದರು ಅಂತ ಅಂದುಕೊಳ್ಳಲು ನನಗೆ ಇಷ್ಟ. ಗೊತ್ತಿಲ್ಲ. ಮೇಲೆ ನಾನಿರಲಿಲ್ಲ.

ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಬುಧವಾರ, ಶನಿವಾರ ಆಂಟಿ ಬೆಳಗಿನ ಮಾತ್ರೆ ಬಿಟ್ಟು ಕೆಲಸ ಮಾಡುವುದು. ಆ ಎರಡು ದಿನ ಅಂಕಲ್ ಮೇಲೆ ಬಂದು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು. ಅವರು ಸಾಕು ಅಂದಾಗ ಸಾಕು, ಮಾತ್ರೆ ನುಂಗಬೇಕು. ಉಳಿದ ದಿನ ಒಂದೂ ತಪ್ಪಿಸುವ ಹಾಗಿಲ್ಲ.

"ಡಾಕ್ಟರನ್ನ ಕೇಳಿದ್ರಾ ಅಂಕಲ್?" ಅಂದೆ.

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಿಲ್ಲ."

ಸ್ಪ್ರೇ ಬಾಟಲಿ ಅಂಕಲ್ ಕೈಗೆ ಬಂತು. ಆಚೆ ಕನಕಪುರ ರಸ್ತೆಯ ಮೇಲೆ ಮೆಟ್ರೋ ಹೋಗುತ್ತಿರುತ್ತಿತ್ತು, ಒಳಗೆ ಆಂಟಿಯ ಕೈ ನಡುಗುತ್ತಿತ್ತು, ಇವರು ಕುರ್ಚಿಯಿಂದ ಎದ್ದು ಎದ್ದು ನೀರು ಹೊಡೆಯುವರು. "ರೀ, ಗಿಡಕ್ಕೆ ಹಾಕೋ ಹಾಗೆ ಹಾಕಬೇಡಿ." "ಆಯ್ತು ಮಿಸ್." ಅಂಕಲ್ ಬರಬರುತ್ತ ತಮ್ಮ ಅಭಿಪ್ರಾಯವನ್ನೂ ಹೇಳತೊಡಗಿದರು. "ಆ ಮೂಲೇಲಿ ಇನ್ನೂ ಬಂದಿಲ್ಲ, ಅಲ್ಲಿ ಇಡು ಕೈ." ಆ ತಿಂಗಳುಗಳಲ್ಲಿ ಆಂಟಿ ಮಾಡಿದ್ದೇ ಅವರ ಅತ್ಯುತ್ತಮ ಕೆಲಸ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಅವು ಈಗಲೂ ಇವೆ, ಹೋಗಿ ಮುಟ್ಟಬಹುದು. ಅದೇ ತಿಂಗಳುಗಳಲ್ಲಿ ಅವರ ನಡಿಗೆ ಕೆಟ್ಟಿತು, ಮಾತು ಮೆತ್ತಗಾಯಿತು. ಕಾಯಿಲೆ ಬೆಳೆದದ್ದೋ ಮಾತ್ರೆ ಬಿಟ್ಟದ್ದೋ, ಹೇಳುವವರು ಯಾರು?

ಅವರು ಬಿದ್ದದ್ದು ಒಂದು ಬೆಳಿಗ್ಗೆ, ಟೆರೇಸಿನಿಂದ ನನ್ನ ಮಹಡಿಗೆ ಇಳಿಯುವ ಮೆಟ್ಟಿಲಲ್ಲಿ. ಸದ್ದು ಕೇಳಿ ಬಾಗಿಲು ತೆಗೆದೆ. ಆಂಟಿ ತಿರುವಿನಲ್ಲಿ ಒಂದು ಪಕ್ಕಕ್ಕೆ ಬಿದ್ದಿದ್ದರು. ಅಂಕಲ್ ಆಂಟಿಯ ಹೆಸರು ಹಿಡಿದು ಕೂಗಿದರು. ನಾನು ಆ ಮನೆಯಲ್ಲಿದ್ದಷ್ಟು ಕಾಲ ಅವರು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ಆ ದನಿ ಮೇಲಿನಿಂದ ಬಂತು, ಟೆರೇಸಿನ ಕಡೆಯಿಂದ. ಹಾಗಂತ ನನ್ನ ನೆನಪು.

ಅಂದು ಬುಧವಾರವೋ ಗುರುವಾರವೋ ನನಗೆ ಖಚಿತವಿಲ್ಲ. ದನಿ ಮೇಲಿನಿಂದ ಬಂದಿದ್ದರೆ ಅದು ಬುಧವಾರ. ಅಂದರೆ ಮಾತ್ರೆ ಬಿಟ್ಟ ದಿನ, ಅಂಕಲ್ ಒಪ್ಪಿ ಕೂತಿದ್ದ ದಿನ. ಗುರುವಾರವಾಗಿದ್ದರೆ ಆಂಟಿ ಮಾತ್ರೆ ನುಂಗಿ, ಹಿಂದಿನ ದಿನದ ಕೆಲಸ ಒಣಗಿತೇ ಅಂತ ನೋಡಲು ಒಬ್ಬರೇ ಹತ್ತಿ ಹೋಗಿರಬೇಕು, ಎಷ್ಟೋ ಸಲ ಹೋಗುತ್ತಿದ್ದರು. ಆಗ ಬಿದ್ದದ್ದಕ್ಕೆ ಯಾರೂ ಹೊಣೆಯಲ್ಲ. ಆ ವಾರ ನಾನು ಡೈರಿ ಬರೆಯಲಿಲ್ಲ. ಆಸ್ಪತ್ರೆಯಿಂದ ಬಂದು ರೂಮಿನ ಬಾಗಿಲು ಹಾಕಲು ಹೋದಾಗ ಕ್ಯಾನ್ವಾಸನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಮೇಲೆ ಕೆನೆ ಗಟ್ಟಿಯಾಗಿತ್ತು, ಕೆಳಗೆ ಮೆತ್ತಗಿತ್ತು. ಅಷ್ಟು ದಪ್ಪ ಬಳಿದದ್ದು ಮಾರನೆಯ ದಿನವೂ ಹಾಗೇ ಇರುತ್ತದೆ. ಅದೂ ಸಾಕ್ಷಿಯಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಮಾತ್ರೆ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಬಿಳಿ ಹೊದಿಕೆಯ ಮೇಲೆ ಆಂಟಿಯ ಬಲಗೈ ಅಲುಗದೆ ಇತ್ತು. ಅವರೇ ಅದನ್ನು ಕಣ್ಣಲ್ಲಿ ತೋರಿಸಿ, "ನೋಡು, ಸ್ಕೇಲ್ ಥರ ಇದೆ. ಏನ್ ಮಾಡ್ಲಿ ಇದನ್ನ ಇಟ್ಕೊಂಡು?" ಅಂದರು.

ಅಂಕಲ್ ಔಷಧಿ ತರಲು ಕೆಳಗೆ ಹೋಗಿದ್ದರು. ಆಂಟಿ ದನಿ ಇನ್ನೂ ತಗ್ಗಿಸಿ, "ಹಟ ಮಾಡಿದ್ದು ನಾನು. ಅವರು ಎಲ್ಲಾ ತಮ್ಮ ತಲೆ ಮೇಲೆ ಹಾಕ್ಕೊಂಡು ಕೂರ್ತಾರೆ. ಹಾಗಾಗಬಾರದು. ನೋಡ್ಕೋತೀಯಾ?" ಅಂದರು.

ಹೂಂ ಅಂದೆ. ಬಿದ್ದದ್ದು ಬುಧವಾರವೋ ಗುರುವಾರವೋ ಅಂತ ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಎದೆಯಲ್ಲಿ ಕಫ ಕಟ್ಟಿ, ಅದು ನ್ಯುಮೋನಿಯಾಕ್ಕೆ ತಿರುಗಿ, ಆಂಟಿ ಮನೆಗೆ ಬರಲೇ ಇಲ್ಲ.

ತಿಥಿಯ ದಿನ ರಸ್ತೆಗೆ ಶಾಮಿಯಾನ ಹಾಕಿಸಿದ್ದರು. ಬಂದವರಿಗೆಲ್ಲ ಅಂಕಲ್ ಒಂದೇ ಮಾತನ್ನು ಒಂದೇ ರೀತಿ ಹೇಳುತ್ತಿದ್ದರು. "ಗುರುವಾರ. ಬೆಳಿಗ್ಗೆ ಮಾತ್ರೆ ತಗೊಂಡಿದ್ಲು. ನಾನೇ ಕೊಟ್ಟೆ. ಆದ್ರೂ ಬಿದ್ಲು." ಕೇಳಿದವರು ತಲೆ ಅಲ್ಲಾಡಿಸಿ ಊಟಕ್ಕೆ ಹೋಗುತ್ತಿದ್ದರು. ಅವರಿಗೆ ಬುಧವಾರ ಗುರುವಾರದ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಎಲೆ ಎತ್ತಿದ ಮೇಲೆ ಅವರು ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಬೋಳಿಸಿದ ತಲೆ, ಹೊಸ ಪಂಚೆ. ನನ್ನ ಕಡೆ ನೋಡದೆ ಕೇಳಿದರು.

"ಗುರುವಾರ ಅಲ್ವೇನಮ್ಮ? ನೀನೂ ಇದ್ಯಲ್ಲ."

ಆಸ್ಪತ್ರೆಯ ಫೈಲು ಒಳಗೆ ಅಲ್ಮೇರಾದಲ್ಲಿತ್ತು. ಅದರಲ್ಲಿ ಸೇರಿಸಿಕೊಂಡ ತಾರೀಖು ಇದ್ದೇ ಇರುತ್ತದೆ. ಒಂದು ನಿಮಿಷದ ಕೆಲಸ. ಅವರೂ ಏಳಲಿಲ್ಲ, ನಾನೂ ಏಳಲಿಲ್ಲ.

"ಹೌದು ಅಂಕಲ್. ಗುರುವಾರ. ನಾನು ಕಾಲೇಜಿಗೆ ಹೊರಡ್ತಾ ಇದ್ದೆ. ನೀವು ಕೆಳಗಡೆ ಇದ್ರಿ, ಕೂಗಿಕೊಂಡು ಮೇಲೆ ಹತ್ತಿ ಬಂದ್ರಿ."

ಅವರು ತಮ್ಮ ಮಂಡಿಗಳನ್ನು ಉಜ್ಜಿಕೊಂಡರು. "ಹೂಂ. ಹತ್ತಿ ಬಂದೆ" ಅಂದರು. ಆಮೇಲೆ ಶಾಮಿಯಾನದವರನ್ನು ಮಾತಾಡಿಸಲು ಎದ್ದು ಹೋದರು.

ಡೈರಿಯಲ್ಲಿ ಒಂದು ಬಣ್ಣ ಹೆಚ್ಚುಕಮ್ಮಿಯಾದರೂ ಹೊಡೆದು ಹಾಕಿ ತಿದ್ದುತ್ತಿದ್ದವಳು ನಾನು. ಇದನ್ನು ತಿದ್ದಲು ಹೋಗಿಲ್ಲ. ಈಗ ಆ ಮನೆ ಬಿಟ್ಟು ಬನಶಂಕರಿಗೆ ಬಂದಿದ್ದೇನೆ. ಆಗಾಗ ಆ ಬೆಳಿಗ್ಗೆಯನ್ನು ಮೊದಲಿನಿಂದ ನೆನಪಿಸಿಕೊಳ್ಳುತ್ತೇನೆ. ಸದ್ದು ಕೇಳಿಸುತ್ತದೆ, ಬಾಗಿಲು ತೆಗೆಯುತ್ತೇನೆ, ಆಂಟಿ ತಿರುವಿನಲ್ಲಿ ಬಿದ್ದಿದ್ದಾರೆ. ಅಂಕಲ್ ಹೆಸರು ಹಿಡಿದು ಕೂಗುತ್ತಾರೆ. ಈಚೆಗೆ ಆ ದನಿ ಕೆಳಗಿನಿಂದಲೇ ಬರುತ್ತದೆ.