ಶಿಂಷಾ ದಡದ ಕಸ

ಮಳವಳ್ಳಿಗೆ ಹೊರಟಿದ್ದ ನಮ್ಮ ಬಸ್ಸು ಶಿಂಷಾ ಹೊಳೆಯ ಹತ್ತಿರ ನಿಂತುಬಿಟ್ಟಿತು; ನಾವು ಇಳಿದು ದಡಕ್ಕೆ ಬಂದೆವು. ತಗ್ಗು ಸೇತುವೆಯ ಮೇಲೆ ಮೊಣಕಾಲುದ್ದ ಕೆಂಪು ನೀರು ಹರಿಯುತ್ತಿತ್ತು. ಆಚೆ ದಡದಲ್ಲಿ ಒಬ್ಬ ಮುದುಕ, ಆಗತಾನೇ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಕುರಿಗಳ ಜೊತೆ ನಿಂತಿದ್ದ. ಈಚೆ ಅವನ ಹೆಂಡತಿ ನಿಂಗಮ್ಮ.

"ಮರಿ ನಡುಗ್ತಾ ಅದೆ ಕಣಮ್ಮೀ, ಬಂದ್ಬುಡ್ತೀನಿ!" ಎಂದು ಮುದುಕ ಕೂಗಿದ.

"ಅಲ್ಲೇ ನಿಂತ್ಕೊ! ಒಳೆ ಇನ್ನೂ ಏರ್ತಾ ಅದೆ."

ನಮ್ಮ ಡ್ರೈವರ್ ಸೇತುವೆಯ ಕಲ್ಲುಕಂಬ ತೋರಿಸಿ, "ನೀರು ಆಗ್ಲಿಂದ್ಲೂ ಅಷ್ಟೇ ಅದೆ, ಬರ್ಲಿ ಬುಡವ್ವ" ಎಂದ.

ನಿಂಗಮ್ಮ ಕಂಬದ ಕಡೆ ತಿರುಗಲೂ ಇಲ್ಲ. "ಕಸ ನೋಡಪ್ಪ. ಏರೋ ನೀರು ಕಸವ ದಡಕ್ಕೆ ತಳ್ತದೆ, ಇಳಿಯೋವಾಗ ಕಸ ನಡುನೀರ್ಗೆ ಓಯ್ತದೆ. ನಮ್ಮತ್ತೆ ತೋರ್ಸಿಕೊಟ್ಟಿದ್ದು."

ನೊರೆ, ತೆಂಗಿನ ಸೋಗೆ, ಒಂದು ಹರಕು ಚಪ್ಪಲಿ, ಎಲ್ಲವೂ ನಮ್ಮ ಕಾಲ ಬಳಿಯೇ ತಿರುಗುತ್ತಿದ್ದವು.

ಅಷ್ಟರಲ್ಲಿ ಮುದುಕ ನೀರಿಗೆ ಕಾಲಿಟ್ಟೇಬಿಟ್ಟ. ಹಿಂದೆಯೇ ಒಂದು ಟಗರೂ ಇಳಿಯಿತು.

"ಏಯ್, ನಿನ್ ಕುರಿಬುದ್ದಿಗೆ ನಾನು ಕುಂಕುಮ ಅಳಿಸ್ಕಬೇಕೇನಯ್ಯಾ?"

ಮುದುಕ ತಡೆದು ನಿಂತ. ಆಮೇಲೆ ಟಗರಿನ ಕಿವಿ ಹಿಡಿದು ಹಿಂದಕ್ಕೆಳೆದ. ದಡ ಹತ್ತಿ ಮರಿಯನ್ನು ಅಂಗಿಯೊಳಗೆ ತುರುಕಿಕೊಂಡು, ಮುನಿಸಿನಿಂದ ನಮಗೆ ಬೆನ್ನು ಹಾಕಿ ಕೂತ.

ನಿಂಗಮ್ಮ ಕಸದಿಂದ ಕಣ್ಣು ಕೀಳಲಿಲ್ಲ. ಡ್ರೈವರ್ ಹತ್ತಿ ಕೂತು, ಬಸ್ಸನ್ನು ಇಪ್ಪತ್ತಡಿ ಹಿಂದಕ್ಕೆ ತೆಗೆದ.