ನಾನು ಎಣಿಸಿದ ಉಸಿರು

ನರ್ಸಿಂಗ್ ಎರಡನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಒಮ್ಮೆ ಫೇಲಾದೆ. ಓದಿದ್ದೆಲ್ಲ ತಲೆಯಲ್ಲಿತ್ತು, ಆದರೆ ಕೈ ನಡುಗಿತು. ಔಷಧದ ಪುಟ್ಟ ಗಾಜಿನ ಶೀಸೆಯ ಕುತ್ತಿಗೆ ಮುರಿದು ಸಿರಿಂಜಿಗೆ ಎಳೆದುಕೊಳ್ಳುವಾಗ ಸೂಜಿ ಗಾಜಿನ ಅಂಚಿಗೆ ಟಿಕ್ ಟಿಕ್ ಎಂದು ಬಡಿಯತೊಡಗಿತು. ಆ ಸದ್ದು ಪರೀಕ್ಷಕರಿಗೂ ಕೇಳಿತು, ಮಂಚದ ಮೇಲಿದ್ದ ರೋಗಿಗೂ ಕೇಳಿತು. ಆತ ತೋಳು ಹಿಂದಕ್ಕೆಳೆದುಕೊಂಡು, "ಬ್ಯಾರೆ ಯಾರರ ಇದ್ರ ಕಳಸ್ರಿ" ಎಂದ.

ಮರುಪರೀಕ್ಷೆಗೆ ನಾಲ್ಕು ತಿಂಗಳಿದ್ದವು. ಅದರಲ್ಲೂ ಫೇಲಾದರೆ ಒಂದು ವರ್ಷ ಹಿಂದೆ ಬೀಳಬೇಕು, ಮತ್ತು ಹಿಂದೆ ಬಿದ್ದರೆ ಓದು ಅಲ್ಲಿಗೇ ಮುಗಿಯಿತೆಂದು ಅಪ್ಪ ಮೊದಲೇ ಹೇಳಿಯಾಗಿತ್ತು. ಅಪ್ಪನದು ಬಸವಕಲ್ಯಾಣದ ಹತ್ತಿರದ ಮೋರಖಂಡಿಯಲ್ಲಿ ಮನೆ, ಹೊಲ. ನಾನು ಬಸವಕಲ್ಯಾಣದಲ್ಲೇ ಬಿ.ಎ. ಮಾಡಿ ಮನೆಯಲ್ಲಿರಬೇಕು ಎಂಬುದು ಅವನ ಲೆಕ್ಕಾಚಾರವಾಗಿತ್ತು. ಹುಮನಾಬಾದಿನ ನರ್ಸಿಂಗ್ ಕಾಲೇಜಿಗೆ ಸೇರಿಸೆಂದು ನಾನು ಎರಡು ತಿಂಗಳು ಊಟದ ಹೊತ್ತಿಗೆಲ್ಲ ವಾದ ಮಾಡಿ ಅವನನ್ನು ಸೋಲಿಸಿದ್ದೆ. ಫೇಲಾದ ದಿನ ಅವನು ಬೈಯಲಿಲ್ಲ. "ನಿನ್ನ ನಾಲಿಗಿ ನಡಗಂಗಿಲ್ಲ, ಕೈ ನಡಗತದ. ವಕೀಲಕಿ ಆಗಬೇಕಿತ್ತು ನೀ" ಎಂದ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಪಿಯುಸಿಯಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರೋಧವೋ ಎಂಬ ಚೀಟಿ ಎತ್ತುವ ತನಕ ನನಗೆ ಅಭಿಪ್ರಾಯವೇ ಇರುತ್ತಿರಲಿಲ್ಲ. ಎತ್ತಿದ ಮೇಲೆ ಪ್ರಾಣ ಹೋದರೂ ಬಿಡುತ್ತಿರಲಿಲ್ಲ. ಈ ಚಟ ಕಾಲೇಜಿಗೂ ನನ್ನ ಹಿಂದೆಯೇ ಬಂತು.

ನಾನು ಫೇಲಾದ ಮರುತಿಂಗಳು ಮಾನಸಿಕ ಆರೋಗ್ಯ ಕಲಿಸುವ ಮ್ಯಾಡಂ, ಮರುಪರೀಕ್ಷೆಯವರ ಅಂಜಿಕೆ ಇಳಿಸಲೆಂದು ದಿನಾ ಸಂಜೆ ನಾಲ್ಕಕ್ಕೆ ಒಂದು ತರಗತಿ ಶುರು ಮಾಡಿದರು. ಚಾಪೆಯ ಮೇಲೆ ಅಂಗಾತ ಮಲಗಬೇಕು. ಕಾಲ್ಬೆರಳು ಬಿಗಿ ಹಿಡಿದು ಬಿಡಬೇಕು, ಮೀನಖಂಡ ಬಿಗಿ ಹಿಡಿದು ಬಿಡಬೇಕು, ಹೀಗೇ ಹಣೆಯವರೆಗೆ. ಆಮೇಲೆ ನಿಧಾನವಾಗಿ ಉಸಿರು ಒಳಗೆ, ಇನ್ನೂ ನಿಧಾನವಾಗಿ ಹೊರಗೆ. ಶುರುವಿಗೆ ಮುಂಚೆ ಮತ್ತು ಮುಗಿದ ಮೇಲೆ ಪಕ್ಕದವಳ ನಾಡಿ ಎಣಿಸಿ ಹಾಳೆಯಲ್ಲಿ ಬರೆಯಬೇಕು.

ಮೂರನೆಯ ದಿನ ನಾನು ಎದ್ದು ನಿಂತೆ. "ಮ್ಯಾಡಂ, ದಿನಾ ಪೂರ್ತಿ ವಾರ್ಡಿನಾಗ ಓಡಾಡಿ ಬಂದಾಕಿ ಅರ್ಧ ತಾಸು ಮಲಕೊಂಡ್ರ ನಾಡಿ ಹ್ಯಾಂಗೂ ಇಳೀತದ. ಇದು ಉಸಿರಿಂದ ಇಳಿದದ್ದೋ, ಚಾಪಿಯಿಂದ ಇಳಿದದ್ದೋ, ಹ್ಯಾಂಗ ಹೇಳ್ತೀರಿ?"

ಸುಮ್ಮನೆ ಕುಳಿತಿದ್ದರೆ ಚೆನ್ನಾಗಿತ್ತು. ಮುಂದುವರಿದು, ಪಕ್ಕದವಳಿಗೆ ಬೇಜಾರಾಗಬಾರದೆಂದು ಎಲ್ಲರೂ ಕೊನೆಯ ಎಣಿಕೆಯನ್ನು ನಾಲ್ಕಾರು ಕಡಿಮೆ ಬರೆಯುತ್ತಿದ್ದಾರೆ ಎಂದೂ ಹೇಳಿದೆ. ಮಾತು ಖರೇ ಆಗಿದ್ದರಿಂದಲೇ ಹುಡುಗಿಯರಿಗೆ ಸಿಟ್ಟು ಬಂತು.

ಮ್ಯಾಡಂ ನಕ್ಕರು. "ಸವಾಲು ಬರೋಬರಿ ಅದ. ಹಂಗಾರ ನಾಳಿಂದ ನೀ ಏನೂ ಮಾಡಬ್ಯಾಡ, ಬರೇ ಮಲಕೋ. ಎರಡು ವಾರ. ನೋಡೋಣು."

ಎರಡು ವಾರ ನಾನು ಛಾವಣಿಯ ಫ್ಯಾನು ನೋಡುತ್ತ ಮಲಗಿದೆ. ನನ್ನ ನಾಡಿಯೂ ಇಳಿಯಿತು, ಹೆಚ್ಚುಕಡಿಮೆ ಅವರಷ್ಟೇ. ವಾದ ಗೆದ್ದೆ. ಮರುದಿನ ಅಭ್ಯಾಸದ ಕೋಣೆಯಲ್ಲಿ ಶೀಸೆ ಮುರಿದು ಸೂಜಿ ಇಳಿಸಿದರೆ ಅದೇ ಟಿಕ್ ಟಿಕ್. ಗೆದ್ದ ವಾದವನ್ನು ಸಿರಿಂಜಿನಲ್ಲಿ ತುಂಬಲು ಬರುತ್ತದೆಯೇ?

ನನ್ನ ಪಕ್ಕದ ಚಾಪೆಯ ಗೆಳತಿ ರಾಜೇಶ್ವರದವಳು. ನಾನು ಬಸವಕಲ್ಯಾಣದಿಂದ ಹತ್ತಿದ ಬಸ್ಸಿಗೆ ಅವಳು ನಡುವೆ ಹತ್ತುತ್ತಿದ್ದಳು, ನಾನು ಅವಳಿಗೆ ಸೀಟು ಹಿಡಿದಿರುತ್ತಿದ್ದೆ. ಆ ವಾರ ಅವಳ ಕಿವಿಯಲ್ಲಿ ಮೆಲ್ಲಗೆ, "ಆ ಉಸಿರಿಂದು ನನಗೂ ಜರಾ ಕಲಸು" ಎಂದೆ.

"ಯಾಕ? ಚಾಪಿ ಸಾಕಾಗಿತ್ತಲ್ಲ ನಿನಗ!"

"ಜೋರ್ಲೆ ಅನಬ್ಯಾಡ, ಮಂದಿ ನೋಡಾಕತ್ತಾರ."

"ನೋಡ್ಲಿ. ಉಸಿರು ಹೊರಗ ಬಿಡು. ಬಿಡವಾ ಖೋಡಿ, ಅದನ್ನೂ ವಾದಕ್ಕ ಹಿಡಕೊಂಡು ಕುಂತೀಯೇನು?"

ಹೀಗೆ ರಾಜೇಶ್ವರದಿಂದ ಹುಮನಾಬಾದಿನವರೆಗೆ ದಿನಾ ನಮ್ಮ ಅಭ್ಯಾಸ ನಡೆಯಿತು. ಒಳಗೊಂದು, ಹೊರಗೊಂದು, ಬೆರಳ ಗೆಣ್ಣಿನ ಮೇಲೆ ಎಣಿಕೆ. ನಂಬಿಕೆ ಬಂತೆಂದಲ್ಲ. ಬೇರೆ ಏನೂ ಉಳಿದಿರಲಿಲ್ಲ.

ಮರುಪರೀಕ್ಷೆ ಹುಮನಾಬಾದಿನ ಒಂದು ದವಾಖಾನೆಯ ಹೆಂಗಸರ ವಾರ್ಡಿನಲ್ಲಿ ನಡೆಯಿತು. ಬೇರೆ ಊರಿಂದ ಬಂದ ಪರೀಕ್ಷಕಿ ಹಾಳೆ ಹಿಡಿದು ಮಂಚದ ಕಾಲಬದಿಗೆ ನಿಂತಿದ್ದರು. ನನ್ನ ಪಾಲಿಗೆ ಬಂದ ರೋಗಿ ಗೋರ್ಟಾದ ಒಬ್ಬ ಮುದುಕಿ, ನಮ್ಮ ಕಡೆ ಆಯಿ ಎಂದು ಕರೆಯುವ ವಯಸ್ಸಿನವಳು, ದಮ್ಮಿನ ತೊಂದರೆಯವಳು, ದಿಂಬಿಗೊರಗಿ ಕುಳಿತಿದ್ದಳು. ಜ್ವರ, ನಾಡಿ, ಉಸಿರು, ರಕ್ತದೊತ್ತಡ ನೋಡಬೇಕು. ಕೊನೆಗೆ ಇಂಜೆಕ್ಷನ್.

ಥರ್ಮಾಮೀಟರ್ ಇಟ್ಟೆ, ತೆಗೆದೆ, ಬರೆದೆ. ಮುದುಕಿಯ ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ. ಇನ್ನು ಉಸಿರು. ಇದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಉಸಿರು ಎಣಿಸುತ್ತಿದ್ದೇವೆಂದು ರೋಗಿಗೆ ಹೇಳಬಾರದು. ಹೇಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ಎಣಿಸಿದ್ದು ಮುಗಿದರೂ ಮಣಿಕಟ್ಟಿನ ಮೇಲೆ ಬೆರಳು ಹಾಗೇ ಇಟ್ಟು, ಗಡಿಯಾರ ನೋಡುವವರಂತೆ ನಟಿಸುತ್ತ, ಎದೆ ಏರಿಳಿಯುವುದನ್ನು ಕಳ್ಳಗಣ್ಣಿನಿಂದ ಒಂದು ನಿಮಿಷ ಎಣಿಸಬೇಕು.

ಅಷ್ಟರಲ್ಲಿ ಟ್ರೇಯಲ್ಲಿದ್ದ ಶೀಸೆ ಕಣ್ಣಿಗೆ ಬಿತ್ತು. ಬಸ್ಸಿನಲ್ಲಿ ಕಲಿತದ್ದನ್ನು ಶುರು ಮಾಡಿದೆ. ಒಳಗೆ, ಹೊರಗೆ. ಮನಸ್ಸು ಎಣಿಸುತ್ತಲೇ ಇತ್ತು. ನಿಮಿಷ ಮುಗಿದಾಗ ಹದಿನಾಲ್ಕು ಬಂದಿತ್ತು. ಪುಸ್ತಕದಲ್ಲಿ ಇರುವಂಥ ಚೆಂದದ ಸಂಖ್ಯೆ. ಬರೆದೆ.

ಪರೀಕ್ಷಕಿ ಕೇಳಿದರು: "ಉಸಿರು ಎಷ್ಟವ್ವಾ?"

"ಹದಿನಾಕ್ರಿ, ಮ್ಯಾಡಂ."

"ಖಾತ್ರಿ ಏನು?"

ಮುದುಕಿಯ ಎದೆಯತ್ತ ನೋಡಿದೆ. ಕುತ್ತಿಗೆಯ ನರ ಎದ್ದು ನಿಂತಿತ್ತು, ಭುಜಗಳು ಬೇಗಬೇಗ ಏರಿಳಿಯುತ್ತಿದ್ದವು. ಅದು ಹದಿನಾಲ್ಕು ಅಲ್ಲವೆಂದು ಕುರುಡರೂ ಹೇಳುತ್ತಿದ್ದರು. ನಾನು ಎಣಿಸಿದ್ದು ನನ್ನ ಉಸಿರನ್ನು.

ತಲೆಯಲ್ಲಿ ಅಷ್ಟರಲ್ಲೇ ಮೂರು ವಾದಗಳು ಸಿದ್ಧವಾಗಿದ್ದವು. ಎಣಿಸುವಾಗ ಆಯಿ ಶಾಂತವಾಗಿದ್ದಳು, ಈಗ ಏರಿದೆ. ಈಗಷ್ಟೇ ಕೆಮ್ಮಿದ್ದರಿಂದ ಏರಿದೆ. ನಿಮ್ಮನ್ನು ನೋಡಿ ಗಾಬರಿಯಾಗಿದ್ದರಿಂದ ಏರಿದೆ. ಮೂರೂ ನಿಲ್ಲುವಂಥವೇ, ಯಾವ ತೀರ್ಪುಗಾರರೂ ತಳ್ಳಿಹಾಕಲಾರರು. ಆದರೆ ಹದಿನಾಲ್ಕೆಂದು ನಾನು ಸಾಧಿಸಿದರೆ ಈ ಮುದುಕಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಒಪ್ಪಿಕೊಂಡರೆ ನಾನು ಓದು ಬಿಟ್ಟು ಮೋರಖಂಡಿಯ ಮನೆಯಲ್ಲಿ ಕೂರಬೇಕು.

"ಇಲ್ರಿ, ಮ್ಯಾಡಂ," ಎಂದೆ. "ನಾ ನಂದೇ ಎಣಸೀನ್ರಿ."

"ಏನು?"

"ಆಯಿದಲ್ರಿ, ನನ್ನ ಉಸಿರು. ಅಂಜಿಕಿ ಹೋಗ್ಲಿ ಅಂತ ಸಾವಕಾಶ ಉಸಿರು ತಗೊಳ್ಳಾಕತ್ತಿದ್ದೆ, ಅದನ್ನೇ ಎಣಸಿಬಿಟ್ಟೆ."

ಮುದುಕಿ ನಗಲು ಹೋಗಿ ಕೆಮ್ಮಿದಳು. "ಯವ್ವಾ, ನನಗ ಉಸುರು ಸಿಗವಲ್ದು, ನೀ ಕುಂತು ನಿಂದು ಎಣಸಾಕತ್ತೀ?"

ಪಕ್ಕದ ಮಂಚದವರೂ ನಕ್ಕರು. ಪರೀಕ್ಷಕಿ ನಗಲಿಲ್ಲ. "ಮತ್ತ ಎಣಸು," ಎಂದರು.

ಈಗ ಹೇಗೆ ಎಣಿಸುವುದು? ಮುದುಕಿಗೆ ಗುಟ್ಟು ಗೊತ್ತಾಗಿಬಿಟ್ಟಿತ್ತು. ನನಗೆ ಸಹಾಯ ಮಾಡಲೆಂದು ಅವಳು ಎದೆಯುಬ್ಬಿಸಿ, ಬಾಯಿ ತೆರೆದು, ದೊಡ್ಡ ದೊಡ್ಡ ಉಸಿರು ಎಳೆಯತೊಡಗಿದಳು. "ಹಾಂ, ಎಣಸು ಈಗ!" ಈ ಸಲ ಬರುವ ಸಂಖ್ಯೆಯೂ ಸುಳ್ಳೇ.

ನಾನು ಅವಳ ಮಣಿಕಟ್ಟು ಬಿಟ್ಟೆ. "ಅದು ಇರ್ಲಿ ಆಯಿ, ಮೊದಲ ಬಿಪಿ ನೋಡೋಣು" ಎಂದು ತೋಳಿಗೆ ಪಟ್ಟಿ ಸುತ್ತಿದೆ. ಗಾಳಿ ತುಂಬಿ, ಒತ್ತಡ ತೋರಿಸುವ ಮುಳ್ಳಿನ ಡಯಲನ್ನು ಅವಳಿಗೂ ಕಾಣುವಂತೆ ಹಿಡಿದು, "ಆ ಕಡ್ಡಿ ಹ್ಯಾಂಗ ಇಳೀತದ, ಬರೇ ನೋಡಕೋತ ಕುಂದ್ರು, ಮಾತಾಡಬ್ಯಾಡ" ಎಂದೆ. ಒತ್ತಡ ಬರೆದುಕೊಂಡು, ಗಾಳಿ ಪೂರ್ತಿ ಬಿಟ್ಟ ಮೇಲೂ ಪಟ್ಟಿ ಬಿಚ್ಚಲಿಲ್ಲ. ಮುದುಕಿ ಮತ್ತೇನಾದರೂ ಆಗುತ್ತದೆಂದು ಸೊನ್ನೆಗೆ ಬಂದ ಮುಳ್ಳನ್ನೇ ನೋಡುತ್ತಿದ್ದಳು. ಕಿವಿಯಲ್ಲಿ ಸ್ಟೆತೊಸ್ಕೋಪು, ಕಣ್ಣು ಎದೆಯ ಜೊತೆ ಏರಿಳಿಯುವ ಅವಳ ಸೀರೆಯ ಮಡಿಕೆಯ ಮೇಲೆ; ಒಂದು ನಿಮಿಷ ಎಣಿಸಿದೆ. ಈ ಬಾರಿ ನನ್ನ ಉಸಿರು ಎಲ್ಲಿತ್ತೋ ನನಗೇ ಗೊತ್ತಿಲ್ಲ.

"ಇಪ್ಪತ್ತೆಂಟ್ರಿ, ಮ್ಯಾಡಂ. ಭಾಳ ಆತು. ಸಿಸ್ಟರಿಗೆ ಹೇಳಿ ಬರ್ಲೇನ್ರಿ?"

ಪರೀಕ್ಷಕಿ ತಮ್ಮ ಹಾಳೆ ನೋಡಿಕೊಂಡರು. "ನನಗ ಇಪ್ಪತ್ತೇಳು ಬಂದದ. ಹೋಗು, ಹೇಳು."

ವಾರ್ಡಿನ ಸಿಸ್ಟರ್ ಬಂದು ಮಂಚದ ತಲೆಬದಿ ಎತ್ತರಿಸಿ, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿ ಡಾಕ್ಟರರನ್ನು ಕರೆಸಿದರು. ಉಸಿರು ಕೊಂಚ ತಹಬಂದಿಗೆ ಬಂದ ಮೇಲೆ ನಾನು ಇಂಜೆಕ್ಷನ್ ಕೊಡಬೇಕಾಯಿತು. ಶೀಸೆ ಮುರಿದೆ. ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ಸೂಜಿ ಒಮ್ಮೆ ಟಿಕ್ ಎಂದಿತು. ಅಂಗೈಯ ಬುಡವನ್ನು ಟ್ರೇಯ ಅಂಚಿಗೆ ಊರಿ ಔಷಧ ಎಳೆದುಕೊಂಡೆ. ಮುದುಕಿ ತೋಳು ಎಳೆದುಕೊಳ್ಳಲಿಲ್ಲ. "ಆತೇನು?" ಎಂದಷ್ಟೇ ಕೇಳಿದಳು.

"ತಪ್ಪಿಗೆ ಅಂಕ ಹೋಗ್ತಾವ," ಎಂದರು ಪರೀಕ್ಷಕಿ, ತಲೆ ಎತ್ತದೆ. "ಮುಂದಿನಾಕಿಗಿ ಕಳಸು."

ಫಲಿತಾಂಶ ಬರುವವರೆಗೆ ಯಾವ ಉಸಿರೂ, ಯಾವ ಚಾಪೆಯೂ ನೆರವಿಗೆ ಬರಲಿಲ್ಲ. ಪಾಸಾಗಿದ್ದೆ, ಬೇಕಾದ ಅಂಕಕ್ಕಿಂತ ಬರೀ ಎರಡು ಹೆಚ್ಚು. ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಹೇಳಿದೆ. ಅವನು ತೊಳೆಯುವುದನ್ನು ನಿಲ್ಲಿಸಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡ ಮೇಲೆ, "ಮೂರನೇ ವರ್ಷದ ಕ್ಲಾಸು ಯಾವಾಗ ಶುರು?" ಎಂದು ಕೇಳಿದ.

"ಸೋಮವಾರ," ಎಂದೆ.