ಮೂಕಿ ಚಿತ್ರಕ್ಕೆ ನಾನು ಸೇರಿಸಿದ ಮಾತು

ಲವೀನಾ, ಅಂದು ನನಗೆ ಬಾಯಿ ತಪ್ಪಿರಲಿಲ್ಲ. ಆರು ವರ್ಷ ನೀನು ನಂಬಿಕೊಂಡು ಬಂದದ್ದು ನನ್ನ ಸುಳ್ಳನ್ನು.

ಪರ್ತಿನ ಹ್ಯಾರಿಸ್‌ಡೇಲ್‌ ಬಡಾವಣೆಯಲ್ಲಿ ನಮ್ಮ ಕನ್ನಡ ಸಂಘದವರು ಆ ಮಧ್ಯಾಹ್ನ ಹಳೆಯ ಮೂಕಿ ಚಿತ್ರವೊಂದನ್ನು ಹಾಕಿದ್ದರು — ಕುಣಿಯುವ ಹುಡುಗಿಯೊಬ್ಬಳು ಸಿರಿವಂತರ ಮನೆಗೆ ಸೊಸೆಯಾಗಿ ಹೋಗುವ ಕಥೆ. ನಡುನಡುವೆ ಪರದೆಯ ಮೇಲೆ ಬರುವ ಇಂಗ್ಲಿಷ್ ಬರಹವನ್ನು ಊರಿನಿಂದ ಬಂದ ಹಿರಿಯರಿಗೆ ಕನ್ನಡದಲ್ಲಿ ಹೇಳಲು ನನ್ನನ್ನು ನಿಲ್ಲಿಸಿದ್ದರು. ಮೈಸೂರಿನವಳು, ಮಾತಿಗೇನು ಬರ! ಮುಂದಿನ ಸಾಲಿನಲ್ಲೇ ನಿನ್ನ ಅತ್ತೆ, ಪಕ್ಕದಲ್ಲಿ ನೀನು.

ಮದುವೆಗೆ ಮೊದಲು ನೀನು ದುಬೈಯ ಹೋಟೆಲೊಂದರಲ್ಲಿ ಕುಣಿಯುತ್ತಿದ್ದದ್ದು ನಿನ್ನ ಗಂಡನಿಗೆ ಗೊತ್ತಿತ್ತು, ನೀನೇ ಹೇಳಿದ್ದರಿಂದ ನನಗೆ ಗೊತ್ತಿತ್ತು. ಅತ್ತೆಗೆ ಮಾತ್ರ ರಿಸೆಪ್ಷನ್ ಕೆಲಸವೆಂದು ಹೇಳಿದ್ದಿರಿ. ಸಂಜೆ ನೀನು ಐಸ್ ನೀರಿನ ಬಕೆಟ್ಟಿನಲ್ಲಿ ಪಾದ ಇಟ್ಟು ಕೂರುವುದನ್ನು ಅವರು ದಿನವೂ ನೋಡುತ್ತಿದ್ದರು, ಅದು ವರ್ಷಗಟ್ಟಲೆ ಕುಣಿದ ಕಾಲಿನ ನೋವೆಂದು ತಿಳಿದಿರಲಿಲ್ಲ.

ಪರದೆಯ ಮೇಲೆ, ‘ನನ್ನ ಹಿಂದಿನದೆಲ್ಲ ಹೇಳಿಬಿಡುತ್ತೇನೆ’ ಎಂದಷ್ಟೇ ಇತ್ತು. ನಾನು ಹೇಳಿದ್ದು — “ಅತ್ತೆ, ನಾನು ಹೋಟೆಲಲ್ಲಿ ರಿಸೆಪ್ಷನ್ ಕೆಲಸ ಮಾಡ್ತಿರ್ಲಿಲ್ಲ, ಕುಣೀತಿದ್ದೆ. ಐಸ್ ನೀರಲ್ಲಿ ಕಾಲಿಡೋದು ಅದಕ್ಕೇ.”

ಹಿರಿಯರು ಕಣ್ಣೊರೆಸಿಕೊಂಡರು. ನಿನ್ನ ಅತ್ತೆ ಪರದೆ ಬಿಟ್ಟು ನಿನ್ನ ಪಾದ ನೋಡಿದರು.

ಅಂದಿನಿಂದ ಅವರು ನೀನು ಬಡಿಸಿದ್ದನ್ನು ಉಣ್ಣಲಿಲ್ಲ. ವಾರದೊಳಗೆ ಮಂಗಳೂರಿಗೆ ಹೊರಟರು. ಪರ್ತಿನ ಮನೆಮನೆಯಲ್ಲೂ ಅದೇ ಸುದ್ದಿ. ನೀವು ಬ್ರಿಸ್ಬೇನಿಗೆ ಮನೆ ಬದಲಿಸಿದಿರಿ. ಹೊರಡುವ ಮೊದಲು ನಾನು ಬಂದು, ಬಾಯಿ ತಪ್ಪಿಬಿಟ್ಟಿತು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆಯನ್ನೂ ಸೇರಿಸಿ ಅತ್ತುಬಿಟ್ಟೆ. ಪ್ಯಾಕಿಂಗ್ ನಿಲ್ಲಿಸಿ ನೀನೇ ನನಗೆ ಟೀ ಮಾಡಿ ಕೊಟ್ಟೆ.

“ಬಾಯಿ ತಪ್ಪುವುದು ಎಲ್ಲರಿಗೂ ಉಂಟು ಅಕ್ಕ. ನೀವು ಬೇಜಾರು ಮಾಡ್ಬೇಡಿ.”

ನಿನ್ನನ್ನು ಇಲ್ಲಿನ ದೊಡ್ಡ ಮನೆಗಳ ಹೆಂಗಸರಿಗೆ ಪರಿಚಯಿಸಿದವಳು ನಾನೇ. ವರ್ಷ ಕಳೆಯುವಷ್ಟರಲ್ಲಿ ಎಲ್ಲರಿಗೂ ನೀನೇ ಬೇಕು — ಹಬ್ಬಕ್ಕೆ, ಬಾರ್ಬೆಕ್ಯೂ ಊಟಕ್ಕೆ, ಮಕ್ಕಳ ಡಾನ್ಸಿಗೆ. ನನ್ನನ್ನು ಕರೆದರೂ, ಲವೀನಾ ಬರ್ತಾಳಲ್ವಾ ಎಂದೇ ಕೇಳುತ್ತಿದ್ದರು. ಹೊಟ್ಟೆಕಿಚ್ಚು — ಬೇರೆ ಹೆಸರು ಹುಡುಕಿ ನೋಡಿದೆ, ಇಲ್ಲ.

ಚಿತ್ರವನ್ನು ಮೊದಲೇ ನೋಡಿಕೊಳ್ಳಲು ನನಗೆ ಕೊಟ್ಟಿದ್ದರು. ಆ ಮಾತನ್ನು ಮೂರು ದಿನ ಮುಂಚೆಯೇ ಬರೆದಿದ್ದೆ, ಎರಡು ಸಲ ತಿದ್ದಿದ್ದೆ. ‘ಕುಣೀತಿದ್ದೆ’ ಎಂಬಲ್ಲಿ ಸ್ವಲ್ಪ ನಿಲ್ಲಬೇಕೆಂದು ಕೆಂಪು ಗೆರೆ ಎಳೆದುಕೊಂಡಿದ್ದೆ.

ಆ ಹಾಳೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ನೀನು ಟೀ ಕೊಟ್ಟು ಕ್ಷಮಿಸಿದ್ದು ಬಾಯಿ ತಪ್ಪಿದವಳನ್ನು. ನಾನು ಅವಳಲ್ಲ, ಲವೀನಾ.